ಓದುಗರ ಪ್ರಶ್ನೆ: ರಾಟರ್‌ಡ್ಯಾಮಿನಲ್ಲಿ ಒಂದು ದಿನ

ಪ್ರಶ್ನೆ: ಮಗಳು ಆಮ್‌ಸ್ಟರ್‌ಡ್ಯಾಮಿನಲ್ಲಿದ್ದಾಳೆ. ಅಲ್ಲಿಯ ಕಾಲುವೆ, ಮ್ಯೂಸಿಯಂ ನೋಡಿದ್ದಾಯಿತು, ಇನ್ನೊಂದು ದಿನ ಉಳಿದಿದೆ. ರಾಟರ್‌ಡ್ಯಾಮಿಗೆ ಹೋಗುವ ಆಸೆ. ಆದರೆ ಅಳಿಯ ‘ಅಲ್ಲಿ ಹಳೆಯದೇನೂ ಇಲ್ಲ, ಬರೀ ಗಾಜಿನ ಕಟ್ಟಡ’ ಅಂತಾರೆ. ಹೋಗಬಹುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ಹೋಗಿ. ಹಳೆಯದು ಯಾಕಿಲ್ಲ ಅನ್ನೋದೇ ಆ ಊರಿನ ಕಥೆ ಅಲ್ವಾ? 1940ರ ಮೇ 14ರಂದು ಜರ್ಮನ್ ವಿಮಾನಗಳು ಸುಮಾರು ಕಾಲು ಗಂಟೆ ಬಾಂಬು ಸುರಿದವು. ಆಮೇಲೆ ಬೆಂಕಿ ಹಬ್ಬಿ ಊರಿನ ನಡುಭಾಗವೇ ಸುಟ್ಟುಹೋಯಿತು, ಸುಮಾರು 80,000 ಜನ ಮನೆ ಕಳೆದುಕೊಂಡರು. ಮೊದಲಿದ್ದ ಹಾಗೇ ಕಟ್ಟುವ ಗೋಜಿಗೆ ಹೋಗದೆ ಅವರು ಹೊಸ ನಕ್ಷೆಯನ್ನೇ ಹಾಕಿದರು. ಬೆಂಕಿ ಎಲ್ಲಿವರೆಗೆ ಬಂದಿತ್ತೋ ಆ ಗಡಿಯ ಉದ್ದಕ್ಕೂ ನೆಲದಲ್ಲಿ ದೀಪ ಹುದುಗಿಸಿದ್ದಾರೆ.

ಆಮ್‌ಸ್ಟರ್‌ಡ್ಯಾಮಿನಿಂದ ವೇಗದ ರೈಲಿಗೆ ಸುಮಾರು 40 ನಿಮಿಷ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತೋರಿಸಿ ಹತ್ತಬಹುದು, ಇಳಿದಾಗಲೂ ತೋರಿಸಬೇಕು. ಸ್ಟೇಷನ್ನಿನಿಂದ ಲೈನ್‌ಬಾನ್ ಬೀದಿಯಲ್ಲಿ ನಡೆಯಿರಿ. ಗಾಡಿಗಳಿಲ್ಲದ, ಬರೀ ನಡೆಯುವವರಿಗಾಗಿ 1953ರಲ್ಲಿ ತೆರೆದ ಅಂಗಡಿ ಬೀದಿ ಅದು, ಈಗ ನೋಡಿದರೆ ಸಾಧಾರಣ ಅನ್ನಿಸಬಹುದು. ಅದೇ ವರ್ಷ ನಿಲ್ಲಿಸಿದ, ಶಿಲ್ಪಿ ಝಡ್ಕಿನ್ ಮಾಡಿದ ಕಂಚಿನ ಮೂರ್ತಿಯೊಂದು ಬಂದರಿನ ಹತ್ತಿರ ಇದೆ. ಎದೆ ಹೊಟ್ಟೆಯ ಜಾಗದಲ್ಲಿ ತೂತು, ಎರಡೂ ಕೈ ಆಕಾಶಕ್ಕೆ ಎತ್ತಿದೆ. ನಡು ಕಳೆದುಕೊಂಡ ಊರು ಅಂದರೆ ಏನು ಅಂತ ಅಲ್ಲಿ ತಿಳಿಯುತ್ತದೆ. ನನ್ನ ಕೇಳಿದರೆ ಊರಿನಲ್ಲಿ ತಪ್ಪಿಸಬಾರದ್ದು ಇದೊಂದೇ.

ಆಮೇಲೆ ವಾಸ್ತುಶಿಲ್ಪಿ ಪೀಟ್ ಬ್ಲೋಮ್ ಕಟ್ಟಿದ ಹಳದಿ ಘನಾಕಾರದ ಮನೆಗಳು, 1984ರವು. ಒಂದೊಂದು ಘನವೂ ತನ್ನದೇ ಒಂದು ಮೂಲೆಯ ಮೇಲೆ ಓರೆಯಾಗಿ ನಿಂತಿದೆ, ಜನ ಈಗಲೂ ಅದರಲ್ಲಿ ಸಂಸಾರ ಮಾಡುತ್ತಾರೆ! ಒಂದು ಮನೆಯನ್ನು ನೋಡೋದಕ್ಕೆ ತೆರೆದಿಟ್ಟಿದ್ದಾರೆ, ಮೆಟ್ಟಿಲು ಕಡಿದು, ಮಂಡಿನೋವಿದ್ದರೆ ಹೊರಗಿಂದಲೇ ಸಾಕು. ಪಕ್ಕದಲ್ಲೇ 1898ರ ಬಿಳಿ ಕಟ್ಟಡ ‘ವಿಟ್ಟೆ ಹಾಯ್ಸ್’ ಇದೆ, ಹತ್ತು ಮಹಡಿಯದು, ಬಾಂಬಿಗೂ ಉಳಿದುಕೊಂಡಿತು. ಅಳಿಯನಿಗೆ ಅದನ್ನು ತೋರಿಸಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬ್ರೆಡ್ಡು-ಚೀಸಿನಲ್ಲೇ ದಿನ ಕಳೆಯಬೇಕಾ?

ಉತ್ತರ: ಇಲ್ಲ. ಘನಾಕಾರದ ಮನೆಗಳ ಎದುರಿನ ಮಾರ್ಕ್ಟ್‌ಹಾಲ್ 2014ರಲ್ಲಿ ತೆರೆದ ಮಾರುಕಟ್ಟೆ. ಕಮಾನಿನಂಥ ಕಟ್ಟಡದ ಒಳಮೈ ತುಂಬ ಹಣ್ಣು-ತರಕಾರಿಯ ದೊಡ್ಡ ಚಿತ್ರ, ಕಮಾನಿನಲ್ಲೇ ಜನ ವಾಸಿಸುವ ಮನೆಗಳು. ಅಲ್ಲಿ ತಿನ್ನೋದು ಜೇಬಿಗೆ ಸ್ವಲ್ಪ ಜಾಸ್ತಿಯೇ. ಮಂಗಳವಾರ ಅಥವಾ ಶನಿವಾರ ಹೋದರೆ ಹೊರಗೆ ಬಯಲಿನಲ್ಲಿ ಸಂತೆ ಇರುತ್ತದೆ.

ಊಟಕ್ಕೆ ಸುರಿನಾಮಿ ಹೋಟೆಲ್ ಹುಡುಕಿ. 1873ರಿಂದ ಡಚ್ಚರು ಉತ್ತರ ಭಾರತದ ಕೂಲಿಗಳನ್ನು ಹಡಗಿನಲ್ಲಿ ದಕ್ಷಿಣ ಅಮೆರಿಕದ ತಮ್ಮ ವಸಾಹತು ಸುರಿನಾಮಿಗೆ ಸಾಗಿಸಿದರು. ಸುರಿನಾಮ್ 1975ರಲ್ಲಿ ಸ್ವತಂತ್ರವಾಗುವ ಹೊತ್ತಿಗೆ ಅವರ ಮಕ್ಕಳು-ಮೊಮ್ಮಕ್ಕಳಲ್ಲಿ ಎಷ್ಟೋ ಜನ ನೆದರ್‌ಲ್ಯಾಂಡ್ಸಿಗೆ ಬಂದರು. ಹಾಗಾಗಿ ಆಲೂಗಡ್ಡೆ ಪಲ್ಯ, ಉದ್ದ ಅಲಸಂದೆ ಕಾಯಿ ಜೊತೆ ರೋಟಿ ಸಿಗುತ್ತದೆ. ಮೊಟ್ಟೆ ಬೇಡ ಅಂತ ಮೊದಲೇ ಹೇಳಿ.

ಪ್ರಶ್ನೆ: ಅದೇ ದಿನ ಕಿಂಡರ್‌ಡೈಕಿನ ಗಾಳಿಗಿರಣಿಗಳನ್ನೂ ನೋಡಬಹುದಾ?

ಉತ್ತರ: ದೋಣಿ ಏನೋ ಇದೆ, ಆದರೆ ಹೋಗಿಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಬಿಡಿ. ಬದಲಿಗೆ ಸಂಜೆ ಎರಾಸ್ಮಸ್ ಸೇತುವೆ ದಾಟಿ ಹೋಟೆಲ್ ನ್ಯೂಯಾರ್ಕ್‌ವರೆಗೆ ನಡೆಯಿರಿ. ಅದು ಮೊದಲು ಅಮೆರಿಕಕ್ಕೆ ಜನ ಸಾಗಿಸುತ್ತಿದ್ದ ಹಡಗು ಕಂಪನಿಯ ಕಚೇರಿ. ವಾಪಸ್ ಬರಲು ಪುಟ್ಟ ವಾಟರ್ ಟ್ಯಾಕ್ಸಿ ಇದೆ, ತುಂಬಾ ಜೋರಾಗಿ ಓಡಿಸುತ್ತಾರೆ, ಟೋಪಿ ಹಿಡಿದುಕೊಳ್ಳಿ.