13ರ ಹುಡುಗ, ಆಟ ಚೆನ್ನ, ಮೈ ಸಣ್ಣ: ಅಕಾಡೆಮಿ ಬದಲಿಸಬೇಕಾ?

ನಿಮ್ಮ ಮಗನಿಗೆ 13 ವರ್ಷ, ಫುಟ್‌ಬಾಲ್‌ನಲ್ಲಿ ಕಾಲ್ಚಳಕ ಚೆನ್ನಾಗಿದೆ, ಆದರೆ ತಂಡದಲ್ಲೇ ಸಣ್ಣವನು. 'ಫಿಸಿಕ್ ಸಾಲದು' ಅಂತ ಕೋಚ್ ಬೆಂಚಿನಲ್ಲಿ ಕೂರಿಸುತ್ತಿದ್ದಾರೆ. ಜಿಮ್‌ಗೆ ಹಾಕಬೇಕಾ, ಪ್ರೋಟೀನ್ ಪುಡಿ ಕೊಡಬೇಕಾ, ಅಕಾಡೆಮಿಯನ್ನೇ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೆಂಗಳೂರಿನಲ್ಲಿ 11 ವರ್ಷದಿಂದ ಈ ವಯಸ್ಸಿನ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷ ಯಾರಾದರೊಬ್ಬರು ತಂದೆಯೋ ತಾಯಿಯೋ ಗ್ರೌಂಡಿನ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಇದನ್ನೇ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಗಂಡುಮಕ್ಕಳು ಸಾಮಾನ್ಯವಾಗಿ 14ರ ಆಸುಪಾಸಿನಲ್ಲಿ ಸರ್ರನೆ ಎತ್ತರ ಆಗುತ್ತಾರೆ, ಒಂದೇ ವರ್ಷದಲ್ಲಿ 9-10 ಸೆಂ.ಮೀ. ಕೂಡ ಏರಬಹುದು. ಆದರೆ ಒಬ್ಬನಿಗೆ ಅದು 12ಕ್ಕೇ ಶುರುವಾದರೆ ಇನ್ನೊಬ್ಬನಿಗೆ 15 ಆದರೂ ಬಂದಿರುವುದಿಲ್ಲ. ಜೊತೆಗೆ ಜನವರಿ 1ರ ಲೆಕ್ಕದಲ್ಲಿ ವಯೋಮಿತಿ ಇಟ್ಟರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು. ಎಷ್ಟೋ ದೇಶಗಳ ಅಕಾಡೆಮಿಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದ ಮಕ್ಕಳೇ ತುಂಬಿರುವುದು ಇದರಿಂದಲೇ. ನಮ್ಮಲ್ಲಿ ಸುಳ್ಳು ವಯಸ್ಸಿನ ಸರ್ಟಿಫಿಕೇಟ್‌ಗಳ ಕಾಟ ಬೇರೆ. ಫಿಫಾ ಕೂಡ 2009ರ 17ರೊಳಗಿನವರ ವಿಶ್ವಕಪ್‌ನಿಂದ ವಯಸ್ಸು ಪತ್ತೆಗೆ ಮಣಿಕಟ್ಟಿನ ಎಂಆರ್‌ಐ ಮಾಡಿಸಲು ಶುರುಮಾಡಿತು ಅಂದರೆ ಸಮಸ್ಯೆ ಎಷ್ಟು ದೊಡ್ಡದು ನೋಡಿ. ಇಷ್ಟೆಲ್ಲ ಇರುವಾಗ 13ಕ್ಕೆ 'ಫಿಸಿಕ್ ಸಾಲದು' ಅನ್ನುವುದು ನಿಮ್ಮ ಹುಡುಗ ಮುಂದೆ ಎಂಥ ಆಟಗಾರ ಆಗುತ್ತಾನೆ ಅನ್ನುವುದಕ್ಕೆ ಉತ್ತರವೇ ಅಲ್ಲ. ಅವನ ಮೈ ಇನ್ನೂ ಬೆಳೆಯಬೇಕಿದೆ, ಅಷ್ಟೇ ಅದರ ಅರ್ಥ.

ಇಂಗ್ಲೆಂಡಿನ ಅಕಾಡೆಮಿಗಳು ಇದಕ್ಕೆ ಒಂದು ದಾರಿ ಹುಡುಕಿದವು. ಹುಡುಗನ ವಯಸ್ಸು, ಎತ್ತರ, ತೂಕ, ಅಪ್ಪ ಅಮ್ಮನ ಎತ್ತರ ಇಟ್ಟುಕೊಂಡು ಮುಂದೆ ಎಷ್ಟು ಎತ್ತರ ಆಗಬಹುದು ಅಂತ ಅಂದಾಜು ಮಾಡುತ್ತಾರೆ. ಅದರಲ್ಲಿ ಈಗಾಗಲೇ ಶೇ. 85ರಿಂದ 90ರಷ್ಟು ಬೆಳೆದವರನ್ನೆಲ್ಲ ಒಟ್ಟಿಗೆ ಆಡಿಸುತ್ತಾರೆ, ವಯಸ್ಸು ಯಾವುದೇ ಇರಲಿ. ಬಯೋ-ಬ್ಯಾಂಡಿಂಗ್ ಅಂತ ಅದರ ಹೆಸರು. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಒಂದಿದೆ. ಸಣ್ಣ ಹುಡುಗರಿಗೆ ಬಾಲ್ ಹೆಚ್ಚು ಸಿಕ್ಕಿತು, ಸರಿ. ಬೇಗ ಬೆಳೆದ ದೊಡ್ಡ ಹುಡುಗರೂ 'ಇಲ್ಲಿ ಬರೀ ಮೈಬಲ ನಡೆಯಲ್ಲ, ಬೇಗ ಯೋಚನೆ ಮಾಡಿ ಪಾಸ್ ಕೊಡಬೇಕು' ಅಂದರು.

ಅದು ನನಗೆ ನಾಟಿದ್ದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ಹತ್ತಿರ 13ಕ್ಕೇ ಮೀಸೆ ಚಿಗುರಿದ್ದ ಒಬ್ಬ ಸ್ಟ್ರೈಕರ್ ಇದ್ದ. ಹಿಂದಿನಿಂದ ಯಾರಾದರೂ ಬಾಲ್ ಎತ್ತಿ ಹೊಡೆದರೆ ಸಾಕು, ಇಬ್ಬರು ಡಿಫೆಂಡರ್‌ಗಳನ್ನು ಹಿಂದೆ ಹಾಕಿ ಓಡಿ ಗೋಲ್ ಹೊಡೆಯುತ್ತಿದ್ದ. ನಾವು ಕಪ್ ಗೆದ್ದೆವು. ನಾನೂ ಅವನಿಗೆ ಬೇರೇನೂ ಕಲಿಸಲಿಲ್ಲ. 16ಕ್ಕೆ ಉಳಿದವರೆಲ್ಲ ಅವನ ಎತ್ತರಕ್ಕೆ ಬಂದರು. ಗೋಲಿಗೆ ಬೆನ್ನು ಹಾಕಿ ಬಾಲ್ ತಗೊಂಡು ತಿರುಗುವುದು ಅವನಿಗೆ ಗೊತ್ತೇ ಇರಲಿಲ್ಲ. 17ಕ್ಕೆ ಗ್ರೌಂಡಿಗೆ ಬರುವುದನ್ನೇ ಬಿಟ್ಟ. ಅದು ನನ್ನ ತಪ್ಪು, ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಹಾಗಂತ ಮೈಬಲದ ಆಟವೇ ಕೆಟ್ಟದ್ದು ಅನ್ನುತ್ತಿಲ್ಲ. ಕೈಯನ್ನು ಮೈಗೆ ಅಂಟಿಸಿಕೊಂಡು ಬಾಲಿಗಾಗಿ ಭುಜಕ್ಕೆ ಭುಜ ಕೊಡುವುದು ನಿಯಮದಲ್ಲೇ ಇದೆ. ಸಣ್ಣ ಹುಡುಗನೂ ಅದನ್ನು ಕಲಿಯಲೇಬೇಕು, ಅವನದೇ ರೀತಿಯಲ್ಲಿ. ಒಂದು ಮ್ಯಾಚ್ ಹೇಳುತ್ತೇನೆ. ಮಳೆ ಬಂದು ನಿಂತಿತ್ತು, ಮಣ್ಣಿನ ಗ್ರೌಂಡ್. ನಮ್ಮ ಮಿಡ್‌ಫೀಲ್ಡ್ ಹುಡುಗ ಬಾಲಿಗೆ ಕಾಯುತ್ತ ನಿಂತಿರುತ್ತಿದ್ದ. ಅವನಿಗಿಂತ ಒಂದು ತಲೆ ಎತ್ತರದವನು ಪಕ್ಕದಿಂದ ಬಂದು ಭುಜ ಕೊಟ್ಟರೆ ಇವನು ಕೆಸರಿನಲ್ಲಿ. ಹೀಗೇ ಮೂರು ಸಲ. ರೆಫರಿ ಸೀಟಿ ಊದಲಿಲ್ಲ, ಊದಬೇಕಾಗಿಯೂ ಇರಲಿಲ್ಲ. ಹಾಫ್ ಟೈಮ್‌ನಲ್ಲಿ ಅವನಿಗೆ ಹೇಳಿದ್ದು ಇಷ್ಟೇ: "ಬಾಲ್ ಬರೋ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡು. ಅವನು ಓಡಿ ಬರೋಕೆ ಬಿಡಬೇಡ, ನೀನೇ ಮೊದಲು ಹೋಗಿ ಒರಗು." ಎರಡನೇ ಹಾಫ್‌ನಲ್ಲಿ ಅವನು ಮೊಣಕಾಲು ಬಗ್ಗಿಸಿ, ಕೆಳಗೆ ಕೂತಂತೆ ನಿಂತು, ಸೊಂಟವನ್ನು ಆ ದೊಡ್ಡವನ ತೊಡೆಗೆ ಒತ್ತಿದ. ಬಾಲ್ ಬಂತು. ದೊಡ್ಡವನಿಂದ ದೂರ ಇದ್ದ ಕಾಲಿನಲ್ಲಿ ಮುಟ್ಟಿ, ಅದೇ ಟಚ್‌ನಲ್ಲಿ ಆಚೆಗೆ ತಳ್ಳಿ ತಿರುಗಿಬಿಟ್ಟ. ಒರಗಿದ್ದ ಮೈ ಸರಿದದ್ದಕ್ಕೆ ದೊಡ್ಡವನೇ ಮುಗ್ಗರಿಸಿದ. ನಮ್ಮ ಹುಡುಗ ಒಂದು ಕ್ಷಣ ನನ್ನ ಕಡೆ ನೋಡಿದ, ಕಣ್ಣು ಅರಳಿತ್ತು. ಆಮೇಲೆ ಪಾಸ್ ಕೊಡುವುದನ್ನೇ ಮರೆತ ಅನ್ನಿ, ಆದರೂ ನನಗೆ ಆ ದಿನ ಅಷ್ಟು ಸಾಕಾಗಿತ್ತು.

ಅಕಾಡೆಮಿಯ ಆಟದ ಶೈಲಿ ನೋಡಬೇಕಾದದ್ದು ಇದಕ್ಕಾಗಿಯೇ. ಎತ್ತಿ ಹೊಡೆದು ಓಡುವ ತಂಡದಲ್ಲಿ ನಿಮ್ಮ ಮಗನ ತಲೆಯ ಮೇಲೇ ಬಾಲ್ ಹಾರಿಹೋಗುತ್ತದೆ, ಇಡೀ ಮ್ಯಾಚಿನಲ್ಲಿ ಹತ್ತು ಸಲವೂ ಅವನ ಕಾಲಿಗೆ ಸಿಗುವುದಿಲ್ಲ. ನೆಲದ ಮೇಲೆ ಹತ್ತಿರ ಹತ್ತಿರ ಪಾಸ್ ಆಡುವ ತಂಡದಲ್ಲಿ ಅದೇ ಹುಡುಗ ಆಟದ ನಡುವೆ ಇರುತ್ತಾನೆ. ಬಾರ್ಸಿಲೋನಾ ಕ್ಲಬ್ 1979ರಲ್ಲಿ ಶುರುಮಾಡಿದ ಲಾ ಮಾಸಿಯಾ ಅಕಾಡೆಮಿಯಲ್ಲಿ ಬೆಳೆದ ಮೆಸ್ಸಿ, ಇನಿಯೆಸ್ಟಾ, ಚಾವಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯಲ್ಲಿ 2010ರಲ್ಲಿ ಮೊದಲ ಮೂರೂ ಸ್ಥಾನ ಪಡೆದರು. ಮೂವರೂ 170 ಸೆಂ.ಮೀ. ಆಸುಪಾಸಿನವರು. ಗ್ರೀಜ್‌ಮನ್‌ನನ್ನು ಸಣ್ಣ ಮೈಕಟ್ಟು ಅಂತ ಫ್ರಾನ್ಸಿನ ಕ್ಲಬ್‌ಗಳು ಒಂದರ ಮೇಲೊಂದು ವಾಪಸ್ ಕಳಿಸಿದವು. ಸ್ಪೇನಿನ ರಿಯಲ್ ಸೊಸಿಯೆದಾದ್ ಕರೆದುಕೊಂಡಿತು. ಮುಂದೆ 2018ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಪರ ಗೋಲ್ ಹೊಡೆದವನು ಅವನೇ.

ಮೆಸ್ಸಿ ಹೆಸರು ಬಂತಲ್ಲ, ಒಂದು ಮಾತು. 'ಮೆಸ್ಸಿಗೆ ಇಂಜೆಕ್ಷನ್ ಕೊಟ್ಟರಲ್ಲ, ನಮ್ಮವನಿಗೂ ಕೊಡಿಸೋಣವಾ' ಅಂತ ನನ್ನನ್ನು ಕೇಳಿದವರಿದ್ದಾರೆ. ಮೆಸ್ಸಿಗೆ ಇದ್ದದ್ದು ಬೆಳವಣಿಗೆಯ ಹಾರ್ಮೋನ್ ಕೊರತೆ, ವೈದ್ಯರು ಕಂಡುಹಿಡಿದ ಕಾಯಿಲೆ. ತಡವಾಗಿ ಬೆಳೆಯುವ ಆರೋಗ್ಯವಂತ ಹುಡುಗನಿಗೆ ದಯವಿಟ್ಟು ಅದರ ಯೋಚನೆಯೂ ಬೇಡ. ಪ್ರೋಟೀನ್ ಡಬ್ಬಿಯೂ ಬೇಡ. ಮೊಟ್ಟೆ, ಹಾಲು, ಬೇಳೆ, ಕಡಲೆಕಾಯಿ, ಮುದ್ದೆ, ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಜಿಮ್‌ನಲ್ಲಿ ಭಾರ ಎತ್ತುವ ಪೈಪೋಟಿಗೆ ಬಿಡಬೇಡಿ. ಪುಶ್‌ಅಪ್, ಪ್ಲ್ಯಾಂಕ್, ಒಂಟಿ ಕಾಲಿನ ಸ್ಕ್ವಾಟ್ ಸದ್ಯಕ್ಕೆ ಸಾಕು. ಶಾಲೆಯಲ್ಲಿ ಕಬಡ್ಡಿ ಇದ್ದರೆ ಆಡಲಿ. ಕಬಡ್ಡಿ ಆಡಿದ ಹುಡುಗ ಮೈ ತಾಗಿದರೆ ಬೆಚ್ಚುವುದಿಲ್ಲ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಗಳು ದೂರ ದೂರ ಬೀಳತೊಡಗಿದಾಗ ಅವನ ಆಟ ಕೆಲವು ತಿಂಗಳು ಎಡವಟ್ಟಾಗಬಹುದು, ಕಾಲು ತನ್ನದೇ ಅಲ್ಲವೇನೋ ಅನ್ನುವಂತೆ ಓಡುತ್ತಾನೆ. ಗದರಬೇಡಿ. ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಅಂದರೆ ಓಟ, ಜಿಗಿತ ಕಡಿಮೆ ಮಾಡಿಸಿ ಮೂಳೆ ಡಾಕ್ಟರಿಗೆ ತೋರಿಸಿ.

ಅಕಾಡೆಮಿ ಬದಲಿಸುವ ವಿಷಯ. ಈಗಿನ ಕೋಚ್ ಹತ್ತಿರ ಒಮ್ಮೆ ಕೂತು 'ಇವನು ಏನು ಕಲಿತರೆ ಆಡಿಸುತ್ತೀರಿ ಸರ್' ಅಂತ ಕೇಳಿ. ಉತ್ತರದಲ್ಲಿ ಅವನು ಕಲಿಯಬಹುದಾದ ಒಂದಾದರೂ ವಿಷಯ ಇದ್ದರೆ ಅಲ್ಲೇ ಇರಲಿ. ಬರೀ 'ಬೆಳೀಲಿ, ನೋಡೋಣ' ಅಂದರೆ ಬೇರೆ ಕಡೆ ಹುಡುಕಿ. ಆದರೆ ಸೇರಿಸುವ ಮುಂಚೆ ಆ ಅಕಾಡೆಮಿಯ ಒಂದು ಮ್ಯಾಚ್ ಬದಿಯಲ್ಲಿ ನಿಂತು ನೋಡಿ. ಅವರ ಗೋಲ್‌ಕೀಪರ್ ಕೈಗೆ ಬಾಲ್ ಸಿಕ್ಕಾಗ ಕೋಚ್ 'ಎತ್ತಿ ಹೊಡಿ' ಅಂತ ಕೂಗುತ್ತಾರಾ, 'ಹತ್ರ ಕೊಡು' ಅಂತ ಕೂಗುತ್ತಾರಾ, ಕಿವಿಗೊಟ್ಟು ಕೇಳಿ.