ಮುಂಬೈ ಲೋಕಲ್‌ಗೆ ಎಂಜಿನ್ ಯಾಕಿಲ್ಲ?

ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋದವರೊಬ್ಬರ ಪ್ರಶ್ನೆ: ಅಲ್ಲಿನ ಲೋಕಲ್‌ಗಳಿಗೆ ಎಂಜಿನ್ನೇ ಕಾಣಲಿಲ್ಲ, ಎಂದಿನಿಂದ ಹೀಗೆ?

ವಿದ್ಯುತ್ ರೈಲು ಓಡಿದ ಮೊದಲ ದಿನದಿಂದಲೇ. 1925ರ ಫೆಬ್ರುವರಿ 3ರಂದು ಮುಂಬೈನ ಬೋರಿಬಂದರ್‌ನಿಂದ (ಇಂದಿನ ಸಿಎಸ್‌ಎಂಟಿ ನಿಲ್ದಾಣ) ಕುರ್ಲಾಕ್ಕೆ ಓಡಿದ ದೇಶದ ಮೊದಲ ವಿದ್ಯುತ್ ರೈಲಿನಲ್ಲೂ ಮೋಟಾರ್ ಇದ್ದದ್ದು ಬೋಗಿಯಡಿಯಲ್ಲೇ.

ಕಾರಣ ಸರಳ. ಒಂದು ಎತ್ತು ಎಳೆಯುವ ಬಂಡಿಗೂ ನಾಲ್ಕು ಎತ್ತು ಎಳೆಯುವ ಬಂಡಿಗೂ ಇರುವ ವ್ಯತ್ಯಾಸವೇ ಇದು. ಹಲವು ಬೋಗಿಗಳ ಗಾಲಿಗಳು ತಾವೇ ತಿರುಗಿದರೆ ಹಳಿಯ ಮೇಲೆ ಹಿಡಿತ ಹೆಚ್ಚು, ರೈಲು ಬೇಗ ವೇಗ ಹಿಡಿಯುತ್ತದೆ. ಮೂರ್ನಾಲ್ಕು ನಿಮಿಷಕ್ಕೊಂದು ಸ್ಟೇಷನ್ ಬರುವ ಊರಿನಲ್ಲಿ ಅದೇ ಮುಖ್ಯ. ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುವುದರಿಂದ ಕೊನೆಯಲ್ಲಿ ಎಂಜಿನ್ ಬಿಚ್ಚಿ ಆಚೆ ಕಡೆ ಕಟ್ಟುವ ತಾಪತ್ರಯವೂ ಇಲ್ಲ. ನಮ್ಮ ಉದ್ಯಾನ್‌ನಂಥ ದೂರದ ಗಾಡಿಗಳು ನಿಲ್ಲುವುದು ಕಡಿಮೆ, ಅವಕ್ಕೆ ಮುಂದೊಂದು ಎಂಜಿನ್ ಸಾಕು.

ಬದಲಾದದ್ದು ತಂತಿಯ ಕರೆಂಟು. ಆಗ 1,500 ವೋಲ್ಟ್ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್); ಹಂತಹಂತವಾಗಿ 25,000 ವೋಲ್ಟ್ ಎಸಿಗೆ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್) ಬದಲಿಸಿದರು. ಮುಂಬೈ ಲೋಕಲ್‌ನ ಹಾರ್ಬರ್ ಮಾರ್ಗದ್ದು ಮುಗಿದದ್ದು 2016ರಲ್ಲಿ. ವೋಲ್ಟೇಜ್ ಹೆಚ್ಚಾದಷ್ಟೂ ತಂತಿಯಲ್ಲಿ ಸೋರುವ ವಿದ್ಯುತ್ ಕಡಿಮೆ. ಹೊಸ ಗಾಡಿಗಳಂತೂ ಬ್ರೇಕ್ ಹಾಕುವಾಗ ಒಂದಿಷ್ಟು ವಿದ್ಯುತ್ತನ್ನು ತಂತಿಗೇ ಮರಳಿಸುತ್ತವೆ.