ಗುರುಪೂರ್ಣಿಮೆಯ ಆ ಹನ್ನೊಂದು ರೂಪಾಯಿ

ಅಕ್ಕಾ, ನನಗೆ 22 ವರ್ಷ. ಗದಗ ಜಿಲ್ಲೆಯ ಒಂದು ಹಳ್ಳಿ. ಬಿ.ಕಾಂ. ಈಗಷ್ಟೇ ಮುಗೀತು. ಅಪ್ಪ ಎಪಿಎಂಸಿಯಲ್ಲಿ ಹಮಾಲಿ, ಅವ್ವ ಕೂಲಿ ಮಾಡುತ್ತಾಳೆ. ಆರು ವರ್ಷದಿಂದ ಧಾರವಾಡದ ಗುರುಗಳ ಹತ್ತಿರ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಅವರು ಫೀ ತಗೊಳ್ಳುವುದಿಲ್ಲ. ಮೊದಲು ಬಸ್ ಚಾರ್ಜಿಗೆ ದುಡ್ಡಿಲ್ಲದೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಶಕ್ತಿ ಯೋಜನೆ ಬಂದ ಮೇಲೆ ಪ್ರತಿ ಭಾನುವಾರ. ಮನೆ ಸಣ್ಣದು, ಅಪ್ಪ ದಣಿದು ಮಲಗಿರುತ್ತಾರೆ. ಹಾಗಾಗಿ ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಯಲ್ಲಿ ಎಮ್ಮೆ ಮುಂದೆ ಕೂತು, ಮೊಬೈಲಿನಲ್ಲಿ ತಂಬೂರಿ ಹಚ್ಚಿಕೊಂಡು ರಿಯಾಜ್ ಮಾಡುತ್ತೇನೆ. (ಗಬ್ಬದ ಎಮ್ಮೆ, ಇಷ್ಟರಲ್ಲೇ ಈಯುತ್ತದೆ. ಎಷ್ಟು ಹಾಡಿದರೂ ಬೇಸರ ಇಲ್ಲ ಅದಕ್ಕೆ.)

ಅಕ್ಕನ ಮದುವೆಗೆ ಮಾಡಿದ 80,000 ರೂಪಾಯಿ ಸಾಲ ಹಾಗೇ ಇದೆ, ನೂರಕ್ಕೆ ಮೂರರ ಬಡ್ಡಿ. ನನಗೆ ಹುಬ್ಬಳ್ಳಿಯ ಒಂದು ಫೈನಾನ್ಸಿನಲ್ಲಿ ಕಂತು ವಸೂಲಿಯ ಕೆಲಸ ಸಿಕ್ಕಿದೆ, 16,000 ಸಂಬಳ. ಎಪಿಎಂಸಿಯ ಅಡತಿ ಅಂಗಡಿಯವರೊಬ್ಬರು ಲೆಕ್ಕ ಬರೆಯಲು ಕರೆದಿದ್ದಾರೆ, 10,000. ಅಪ್ಪ, ‘ಫೈನಾನ್ಸಿಗೇ ಹೋಗು, ಹಾಡಿದ್ರ ಹೊಟ್ಟಿ ತುಂಬತೈತೇನು?’ ಅನ್ನುತ್ತಾರೆ. ಗುರುಗಳು, ‘ಇನ್ನು ಮೂರು ವರ್ಷ ಬೇರೇನೂ ಮಾಡಬ್ಯಾಡ, ಹಾಡು’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಇನ್ನೊಂದು. ಈ ಸಲ ಗುರುಪೂರ್ಣಿಮೆಗೆ ಎಲ್ಲರೂ ಶಾಲು, ಲಕೋಟೆ, ಹಣ್ಣಿನ ಬುಟ್ಟಿ ತಂದಿದ್ದರು. ನಾನು ತೆಂಗಿನಕಾಯಿ ಮತ್ತು 11 ರೂಪಾಯಿ ಇಟ್ಟೆ. ಹಿಂದೆ ಯಾರೋ ಕಿಸಕ್ಕೆಂದರು. ಅವತ್ತಿನಿಂದ ಹೋಗಿಲ್ಲ. ಗುರುಗಳು ಫೋನ್ ಮಾಡಿದ್ದರು, ಜ್ವರ ಅಂತ ಸುಳ್ಳು ಹೇಳಿದೆ. ಎರಡು ತಿಂಗಳಾಯಿತು.

ಹೆಸರು ಬೇಡ ಅಕ್ಕಾ. ‘ನೀನು’ ಅಂತಲೇ ಬರೆಯಿರಿ.

* * *

ತಂಗಿ,

‘ಇನ್ನೊಂದು’ ಅಂತ ಕೊನೆಗೆ ಸೇರಿಸಿದ್ದೀಯಲ್ಲ, ನನ್ನ ಕಣ್ಣಿಗೆ ನಿನ್ನ ಪತ್ರ ಶುರುವಾಗುವುದೇ ಅಲ್ಲಿಂದ. ಕೆಲಸದ ಪ್ರಶ್ನೆಗೆ ಕಾಗದ, ಪೆನ್ನು ತಗೊಂಡು ಕೂತರೆ ಉತ್ತರ ಸಿಗುತ್ತದೆ. ಆ ‘ಕಿಸಕ್’ ಮಾತ್ರ ಎರಡು ತಿಂಗಳು ನಿನ್ನನ್ನು ಮನೆಯಲ್ಲಿ ಕೂರಿಸಿದೆ. ಸಾಲ ಆರು ವರ್ಷದಲ್ಲಿ ಒಂದು ದಿನವೂ ಹಾಗೆ ಕೂರಿಸಿರಲಿಲ್ಲ. ಬಸ್ಸಿಗೆ ದುಡ್ಡಿಲ್ಲದ ಕಾಲದಲ್ಲೂ ನೀನು ತಿಂಗಳಿಗೊಮ್ಮೆ ಹೋಗಿ ಬಂದವಳು. ಈಗ ಬಸ್ಸು ಬಿಟ್ಟಿ, ಗುರುಗಳ ಮನೆ ಅಲ್ಲೇ ಇದೆ, ಹೋಗಿಲ್ಲ.

ನಿನಗೊಂದು ಹಳೇ ಗುಟ್ಟು ಹೇಳಲಾ? ಚಿಕ್ಕವಳಿದ್ದಾಗ ನಾನೂ ಹಾರ್ಮೋನಿಯಂ ಕಲಿಯಲು ಹೋಗುತ್ತಿದ್ದೆ. ನಾಲ್ಕು ತಿಂಗಳ ಫೀ ಬಾಕಿ ಉಳಿಯಿತು. ಮೇಷ್ಟ್ರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರ ಓಣಿ ತಪ್ಪಿಸಲು ಶಾಲೆಗೆ ಅರ್ಧ ಮೈಲಿ ಸುತ್ತು ಹಾಕಿ ಹೋಗತೊಡಗಿದೆ. ಹಾಗೇ ಹಾರ್ಮೋನಿಯಂ ಬಿಟ್ಟುಹೋಯಿತು. ಬಾಕಿ ಎಷ್ಟಿತ್ತು ಗೊತ್ತೇ, 60 ರೂಪಾಯಿ. ಮನೆಯಲ್ಲಿ ಕೇಳಿದ್ದರೆ ಹೇಗಾದರೂ ಹೊಂದಿಸುತ್ತಿದ್ದರು. ‘ನಮಗೆ ಬಡತನ ಇತ್ತು, ಕಲಿಯೋಕಾಗಲಿಲ್ಲ’ ಅಂತ ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಅರ್ಧ ಸುಳ್ಳು.

ನಕ್ಕವರು ಯಾರೋ, ಅವರಿಗೆ ಈಗ ನೆನಪೂ ಇರಲಿಕ್ಕಿಲ್ಲ. ಆರು ವರ್ಷ ಒಂದು ಪೈಸೆ ಕೇಳದೆ ಕಲಿಸಿದ ಮನುಷ್ಯ ನಿನ್ನ ಲಕೋಟೆ ನೋಡಿ ಅಳೆಯುತ್ತಾನೆ ಅಂತ ಅಂದುಕೊಂಡೆಯಲ್ಲ, ಅದಕ್ಕೆ ಮಾತ್ರ ನಿನ್ನ ಮೇಲೆ ಸ್ವಲ್ಪ ಸಿಟ್ಟು ಬಂತು. ಶಿಷ್ಯೆ ಬರಲಿಲ್ಲ ಅಂತ ತಾವಾಗಿ ಫೋನ್ ಮಾಡಿ ಕೇಳುವ ಗುರುಗಳು ಎಷ್ಟು ಮಂದಿಗೆ ಸಿಗುತ್ತಾರೆ?

ಇನ್ನು ಕೆಲಸದ ಮಾತು. ನಿಮ್ಮ ಅಪ್ಪನನ್ನು ನಾನು ಬೈಯುವುದಿಲ್ಲ. ದಿನವಿಡೀ ಹೆಸರುಕಾಳು, ಕಡಲೆಯ ಚೀಲ ಬೆನ್ನಿಗೆ ಹೊತ್ತವನಿಗೆ ಹಾಡಿನಿಂದ ಹೊಟ್ಟೆ ತುಂಬುತ್ತದೆಯೇ ಅಂತ ಕೇಳುವ ಹಕ್ಕು ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದವರೂ ಅದೇ ಪ್ರಶ್ನೆ ಎದುರಿಸಿದವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನೂ ಬಡ ಮಕ್ಕಳನ್ನೂ ಕರೆತಂದು ಊಟ ಹಾಕಿ, ವಸತಿ ಕೊಟ್ಟು, ಸಂಗೀತ ಕಲಿಸಿದರು. ಆ ಪಂಕ್ತಿಗೆ ಬರೀ ಆಲಾಪದಿಂದ ಅನ್ನ ಬರಲಿಲ್ಲ. ಆಶ್ರಮ ನಾಟಕ ಕಂಪನಿಯನ್ನೇ ನಡೆಸಿತು, ಪುಟ್ಟರಾಜರೇ ನಾಟಕ ಬರೆದರು. ಸಂಗೀತ ಉಳಿಯಲಿ ಅಂತ ದುಡಿಯುವುದನ್ನು ಅಷ್ಟು ದೊಡ್ಡವರೇ ಕೀಳೆಂದುಕೊಳ್ಳಲಿಲ್ಲ. ಗಾಯಕ ವೆಂಕಟೇಶ ಕುಮಾರರನ್ನು ನೀನು ಕೇಳಿಯೇ ಇರುತ್ತೀಯ. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಹುಡುಗ 1968ರಲ್ಲಿ ಆ ಆಶ್ರಮ ಸೇರಿದರು, 12 ವರ್ಷ ಅಲ್ಲೇ ಕಲಿತರು. ಆಮೇಲೆ ದಶಕಗಳ ಕಾಲ ಧಾರವಾಡದ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದರು. ಪದ್ಮಶ್ರೀ ಬಂದದ್ದು 2016ರಲ್ಲಿ. ನಡುವಿನ ಬಹುಪಾಲು ವರ್ಷ ಕೈಯಲ್ಲಿ ಮೇಷ್ಟ್ರ ಕೆಲಸ ಇತ್ತು.

ಬಡತನವೇ ಕಲೆಯನ್ನು ಬೆಳೆಸುತ್ತದೆ ಅಂತ ಸನ್ಮಾನ ಸಮಾರಂಭಗಳಲ್ಲಿ ಹೇಳುತ್ತಾರೆ. ಹೇಳುವವರು ಊಟ ಮಾಡಿ ಬಂದಿರುತ್ತಾರೆ. ಹಸಿದು ಹಾಡಿ ದೊಡ್ಡವರಾದ ಒಬ್ಬೊಬ್ಬರ ಹಿಂದೆಯೂ ಅನ್ನ ಹಾಕಿದ ಒಬ್ಬರು ಇದ್ದೇ ಇರುತ್ತಾರೆ.

ಗುರುಗಳು ‘ಮೂರು ವರ್ಷ ಬರೀ ಹಾಡು’ ಅಂದಾಗ ಅವರ ಮನಸ್ಸಿನಲ್ಲಿ ಕುಂದಗೋಳ ಇರಬಹುದು. 1930ರ ದಶಕದ ಕೊನೆಯಲ್ಲಿ ಅಲ್ಲಿನ ಗಾಯಕ ಸವಾಯಿ ಗಂಧರ್ವರ ಮನೆಗೆ ಇಬ್ಬರು ಶಿಷ್ಯರು ಬರುತ್ತಿದ್ದರು. ಒಬ್ಬರು ನಿಮ್ಮ ಗದಗಿನ ಹುಡುಗ ಭೀಮಸೇನ ಜೋಶಿ. ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋಗಿ, ಉತ್ತರ ಹಿಂದೂಸ್ತಾನವೆಲ್ಲ ಸುತ್ತಿ, ಕಡೆಗೆ ಕುಂದಗೋಳದಲ್ಲೇ ಗುರುವನ್ನು ಕಂಡುಕೊಂಡವರು. ಗುರುಗಳ ಮನೆಯಲ್ಲೇ ಇದ್ದು, ನೀರು ಹೊತ್ತು, ಕಲಿತರು. ಇನ್ನೊಬ್ಬರು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಲ್ಲಿ ಸಂಸಾರ, ಮಕ್ಕಳು, ಮೇಲೆ ದುಡ್ಡಿನ ತಾಪತ್ರಯ. ರೈಲು ಹತ್ತಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ, ರಾತ್ರಿ ರೈಲಿಗೆ ಮನೆಗೆ ವಾಪಸು. ಅವರನ್ನು ಸ್ಟೇಷನ್‌ವರೆಗೆ ಬಿಟ್ಟು ಬರಲು ಹುಡುಗ ಭೀಮಸೇನ ಜೊತೆಗೆ ನಡೆಯುತ್ತಿದ್ದರಂತೆ.

ಓಡಿಹೋದವರ ಕಥೆ ಎಲ್ಲರ ಬಾಯಲ್ಲಿ ಇದೆ, ರೈಲಿಗೆ ವಾಪಸಾದವರ ಕಥೆ ಕಡಿಮೆ. ನೀನು ಎರಡನೆಯ ಜಾತಿಯವಳು. ನಿನ್ನ ಬೆನ್ನಿಗೆ ಮನೆ ಇದೆ, ಬಿಟ್ಟು ಓಡಲಾರೆ, ಓಡಲೂ ಬೇಡ. ಗುರುಗಳ ಮಾತಿನಲ್ಲಿ ‘ಹಾಡು’ ಅನ್ನುವುದನ್ನು ತಗೋ. ‘ಬೇರೇನೂ ಮಾಡಬ್ಯಾಡ’ ಅನ್ನುವುದನ್ನು ಮನೆಯ ಪರಿಸ್ಥಿತಿ ತಿಳಿಯದೆ ಅಂದಿರಬೇಕು. 80,000ದ ವಿಷಯ ಅವರಿಗೆ ಹೇಳಿದ್ದೀಯಾ? ಪತ್ರ ನೋಡಿದರೆ ಹೇಳಿದ ಹಾಗಿಲ್ಲ.

ಎರಡು ಕೆಲಸಗಳಲ್ಲಿ ಯಾವುದು? ಅಡತಿ ಅಂಗಡಿ. ಫೈನಾನ್ಸಿನ ಕಂತು ವಸೂಲಿ ಹೇಗಿರುತ್ತದೆ ಅಂತ ನಿಮ್ಮೂರಲ್ಲೇ ನೋಡಿರುತ್ತೀಯ. ಹೆಂಗಸರು ಕೂಲಿಗೆ ಹೊರಡುವ ಮೊದಲೇ ಗುಂಪಿನ ಮೀಟಿಂಗ್ ಮುಗಿಯಬೇಕು. ಅಂದರೆ ಬೆಳಿಗ್ಗೆ ಏಳರ ಹೊತ್ತಿಗೆ ನೀನು ಯಾವುದೋ ಊರಿನ ಗುಡಿಕಟ್ಟೆಯ ಮೇಲೆ ಇರಬೇಕು. ನೀನು ಖರಜ (ಕೆಳಗಿನ ಸ್ವರಗಳ ಸಾಧನೆ) ಹಚ್ಚುವ ಹೊತ್ತೇ ಅವರ ವಸೂಲಿಯ ಹೊತ್ತು. ದಿನವಿಡೀ ಧೂಳಿನಲ್ಲಿ ಗಾಡಿ, ಕಂತು ಕಟ್ಟದವರ ಮನೆ ಮುಂದೆ ಗಂಟಲು ಹರಿದುಕೊಳ್ಳುವುದು, ತಿಂಗಳ ಕೊನೆಗೆ ಟಾರ್ಗೆಟ್. ಭಾನುವಾರವೂ ನಿನ್ನದಾಗಿ ಉಳಿಯುವ ಭರವಸೆ ಇಲ್ಲ. 6,000 ಹೆಚ್ಚು ಕೊಟ್ಟು ಅವರು ಕೊಳ್ಳುತ್ತಿರುವುದು ನಿನ್ನ ಬೆಳಗನ್ನು. ನಿಮ್ಮವ್ವನಂಥ ಹೆಂಗಸರ ಮನೆ ಬಾಗಿಲಲ್ಲಿ ನಿಂತು ‘ಕಂತು ಕೊಡ್ರಿ’ ಅನ್ನುವುದು ನಿನ್ನ ಕೈಲಾಗುತ್ತದೆಯೇ, ಅದನ್ನು ನೀನೇ ಕೇಳಿಕೋ.

ಆದರೆ ಆ 6,000ದ ತೂತನ್ನು ಮುಚ್ಚದೆ ಅಪ್ಪನ ಮುಂದೆ ನಿಲ್ಲಬೇಡ. ಬಿ.ಕಾಂ. ಓದಿದವಳು, ಲೆಕ್ಕ ಬರಿ. 80,000ಕ್ಕೆ ನೂರಕ್ಕೆ ಮೂರು ಅಂದರೆ ಬರೀ ಬಡ್ಡಿಗೆ ತಿಂಗಳಿಗೆ 2,400 ಹೋಗುತ್ತಿದೆ, ಅಸಲು ಅಲ್ಲಾಡುತ್ತಿಲ್ಲ. ಅವ್ವ ಯಾವುದಾದರೂ ಸ್ತ್ರೀಶಕ್ತಿ ಸಂಘದಲ್ಲಿ ಇದ್ದಾಳಾ? ಸಂಘದಿಂದಲೋ, ಸಂಘದ ಮೂಲಕ ಬ್ಯಾಂಕಿನಿಂದಲೋ ನೂರಕ್ಕೆ ಒಂದರ ಆಸುಪಾಸಿನಲ್ಲಿ ಸಾಲ ಸಿಕ್ಕರೆ, ತಗೊಂಡು ಈ ಕೈಸಾಲ ಮೊದಲು ತೀರಿಸಿಬಿಡಿ. ಬಡ್ಡಿ 800ಕ್ಕೆ ಇಳಿಯುತ್ತದೆ. ಉಳಿದ 1,600, ಅವ್ವನಿಗೆ ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದು, ನಿನ್ನ ಸಂಬಳದಿಂದ ಒಂದು ಪಾಲು, ಎಲ್ಲ ಸೇರಿ ಅಸಲಿಗೆ ಹೋಗಲಿ. ಎರಡು ವರ್ಷದೊಳಗೆ ಸಾಲ ಹರಿಯುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನಿಗೆ ಓದಿ ಹೇಳು. ‘ನನ್ನ ಕನಸು’ ಅಂತ ಶುರು ಮಾಡಬೇಡ, ‘ನಮ್ಮ ಸಾಲ’ ಅಂತ ಶುರು ಮಾಡು. ಅಡತಿ ಅಂಗಡಿಯವರಿಗೂ ಮೊದಲೇ ಹೇಳಿಬಿಡು, ಭಾನುವಾರ ಬರುವುದಿಲ್ಲ ಅಂತ.

ಹಾಡಿನಿಂದಲೂ ನಾಲ್ಕು ಕಾಸು ಬರಲಿ. ಮಠದ ಕಾರ್ಯಕ್ರಮದಲ್ಲಿ ವಚನ ಹಾಡಲು ಕರೆದರೆ ಹೋಗು, ಕೊಟ್ಟ ಗೌರವಧನ ತಗೋ. ಶಾಸ್ತ್ರೀಯ ಖಯಾಲ್ ಕಲಿಯುವವಳು ವಚನ ಹಾಡಿದರೆ ಮೈಲಿಗೆಯೇನಿಲ್ಲ, ಮಲ್ಲಿಕಾರ್ಜುನ ಮನ್ಸೂರರೇ ಹಾಡಿದ್ದಾರೆ.

ನಿನಗೆ ಅವಸರದ ವಿಷಯ ಒಂದಿದೆ. ಕೇಂದ್ರದ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಕೊಡುತ್ತದೆ: ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ದುಡ್ಡು ತಿಂಗಳ ಸಂಬಳದಂತೆ ಬರುವುದಿಲ್ಲ, ಆರಾರು ತಿಂಗಳ ಕಂತಿನಲ್ಲಿ ಬರುತ್ತದೆ. ಆದ್ದರಿಂದ ಅದನ್ನು ನಂಬಿ ಕೆಲಸ ಬಿಡಬೇಡ. ಬಂದರೆ ಒಂದು ಒಳ್ಳೆಯ ತಂಬೂರಿ ಬರಲಿ, ಮೊಬೈಲಿನದು ಸಾಕು ಇನ್ನು. ಆಯ್ಕೆಯಾಗಲು ಪರಿಣತರ ಮುಂದೆ ಹಾಡಬೇಕು. ಗುರುವಿನ ಹತ್ತಿರ ಕನಿಷ್ಠ ಐದು ವರ್ಷ ಕಲಿತಿರಬೇಕು, ನಿನ್ನದು ಆರಾಯಿತು. ಅದಕ್ಕೆ ಗುರುಗಳ ಸಹಿ ಇರುವ ಪ್ರಮಾಣಪತ್ರ ಬೇಕು. ಯಾರ ಮನೆಗೆ ಹೋಗಲು ನಾಚಿಕೊಂಡು ಕೂತಿದ್ದೀಯೋ, ಅವರದೇ ಸಹಿ. ನಿನ್ನ ವಯಸ್ಸು 22.

ಆಕಾಶವಾಣಿಯ ಧ್ವನಿಪರೀಕ್ಷೆಗೆ ಯಾವಾಗ ಕೂರಬಹುದು ಅಂತಲೂ ಅವರನ್ನೇ ಕೇಳು. ಧಾರವಾಡದಲ್ಲೇ ಕೇಂದ್ರ ಇದೆ. ಬಿ ಗ್ರೇಡ್ ಬಂದರೂ ಸಾಕು, ರೇಡಿಯೋದಲ್ಲಿ ಮಗಳ ಹಾಡು ಬಂದ ದಿನ ಎಪಿಎಂಸಿಯ ಹಮಾಲರ ಕಟ್ಟೆಯ ಮೇಲೆ ನಿಮ್ಮಪ್ಪ ಯಾವ ಪ್ರಶ್ನೆ ಕೇಳುತ್ತಾರೋ ನೋಡೋಣ.

ನೀನು ದೊಡ್ಡ ಗಾಯಕಿ ಆಗುತ್ತೀಯಾ ಅಂತ ನನಗೆ ಗೊತ್ತಿಲ್ಲ. ನಿನ್ನ ಹಾಡು ನಾನು ಕೇಳಿಲ್ಲ, ಕೇಳಿದವರು ಗುರುಗಳು ಮತ್ತು ಆ ಎಮ್ಮೆ. ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಅನ್ನುತ್ತಾರೆ, ನಿಮ್ಮ ಎಮ್ಮೆ ಆ ಗಾದೆಯ ಕೋಣಕ್ಕಿಂತ ರಸಿಕ ಪ್ರಾಣಿ ಇರಬೇಕು. ಗುರುಗಳಂತೂ ಆರು ವರ್ಷ ಪುಕ್ಕಟೆ ಕೇಳಿ ಇನ್ನೂ ಮೂರು ವರ್ಷ ಬಾ ಅನ್ನುತ್ತಿದ್ದಾರೆ.

ಈ ಭಾನುವಾರದ ಮೊದಲ ಬಸ್ಸಿಗೆ ಹೊರಡು. ಹೋದ ಕೂಡಲೇ, ಪಾಠಕ್ಕೆ ಕೂರುವ ಮೊದಲು, ‘ಜ್ವರ ಬಂದಿರಲಿಲ್ರಿ, ನಾಚಿಕಿ ಆಗಿತ್ತು’ ಅಂತ ಹೇಳಿಬಿಡು. ಸಾಲ, ಅಡತಿ ಅಂಗಡಿ, ಪ್ರಮಾಣಪತ್ರ, ಎಲ್ಲ ಆಮೇಲೆ. ಅಷ್ಟರೊಳಗೆ ಎಮ್ಮೆ ಈದಿದ್ದರೆ ಒಂದು ಡಬ್ಬಿ ಗಿಣ್ಣ ಕಟ್ಟಿಕೊಂಡು ಹೋಗು. ಈಯದಿದ್ದರೆ ಅದಕ್ಕಾಗಿ ಕಾಯುತ್ತ ಕೂರಬೇಡ, ಬರಿಗೈಲಿ ಹೋಗು.

ನಿನ್ನ ಅಕ್ಕ